ಮುಖಪುಟದ ಮೇಲಿನ ಬೈಗುಳ ಯಾರದು?

1986ರಲ್ಲಿ ಅಮೆರಿಕದ ಮ್ಯಾಕ್‌ಮಿಲನ್ ಪ್ರಕಾಶನ ಒಂದು ಆತ್ಮಕಥೆ ಹೊರತಂದಿತು. ಬರೆದವರು ಮಾರ್ಕ್ ಮಥಬಾನೆ. ಆಗ ಅವರ ವಯಸ್ಸು ಇಪ್ಪತ್ತಾರರ ಆಸುಪಾಸು. ಹುಟ್ಟಿ ಬೆಳೆದದ್ದು ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್ ನಗರಕ್ಕೆ ಅಂಟಿಕೊಂಡ ಅಲೆಕ್ಸಾಂಡ್ರಾದಲ್ಲಿ. ಒಂದು ಚದರ ಮೈಲಿ ಜಾಗದಲ್ಲಿ ಕಪ್ಪು ಜನರನ್ನು ಒತ್ತೊತ್ತಾಗಿ ತುಂಬಿದ್ದ ಕೇರಿ ಅದು. ಹೊತ್ತಲ್ಲದ ಹೊತ್ತಿನಲ್ಲಿ ಪೊಲೀಸರು ಬಾಗಿಲು ಒದ್ದು ನುಗ್ಗುವುದು, ಕಪ್ಪು ಜನರ ಓಡಾಟದ ಪರವಾನಗಿಯಾದ ಪಾಸ್‌ಬುಕ್ ಸರಿಯಿಲ್ಲವೆಂದು ಅಪ್ಪನನ್ನು ಮಕ್ಕಳ ಕಣ್ಣೆದುರೇ ಹೀಯಾಳಿಸಿ ಎಳೆದೊಯ್ಯುವುದು, ದಿನಗಟ್ಟಲೆ ಹಸಿವು: ಇದು ಆ ಪುಸ್ತಕದ ಒಳಗಿನ ಲೋಕ. ಹೊರಗೆ, ಮುಖಪುಟದ ಮೇಲೆ, ದಪ್ಪಕ್ಷರದಲ್ಲಿದ್ದದ್ದು ಎರಡೇ ಪದ. 'ಕಾಫಿರ್ ಬಾಯ್'.

ಮೊದಲನೆಯ ಪದ ದಕ್ಷಿಣ ಆಫ್ರಿಕಾದಲ್ಲಿ ಕಪ್ಪು ಮನುಷ್ಯನಿಗೆ ಬಿಳಿಯ ಮನುಷ್ಯ ಬೈಯಬಹುದಾದ ಅತ್ಯಂತ ಕೀಳು ಬೈಗುಳ. ಎರಡನೆಯದು, ಐವತ್ತು ದಾಟಿದ ಮನೆಯಾಳನ್ನೂ ಹುಡುಗನೆಂದೇ ಕೂಗುತ್ತಿದ್ದ ಕಾಲದ ಪದ. ಅಮೆರಿಕದ ಪುಸ್ತಕದಂಗಡಿಯಲ್ಲಿ ಈ ಹೆಸರು ಯಾರನ್ನೂ ಅಷ್ಟಾಗಿ ಚುಚ್ಚಲಿಲ್ಲ. ಅಲ್ಲಿಯ ಬಹುಪಾಲು ಓದುಗರಿಗೆ ಅದು ದೂರದ ನಾಡಿನ ಒಂದು ವಿಚಿತ್ರ ಶಬ್ದವಾಗಿತ್ತು, ಅಷ್ಟೇ. 1987ರಲ್ಲಿ ಓಪ್ರಾ ವಿನ್‌ಫ್ರೆ ಅದನ್ನು ಓದಿ ಲೇಖಕರನ್ನು ತಮ್ಮ ಟಿ.ವಿ. ಕಾರ್ಯಕ್ರಮಕ್ಕೆ ಕರೆದರು. ಪುಸ್ತಕ ಅತಿ ಹೆಚ್ಚು ಮಾರಾಟವಾಗುವ ಪುಸ್ತಕಗಳ ಪಟ್ಟಿ ಸೇರಿತು. ಲೇಖಕರ ಸ್ವಂತ ನಾಡಿನಲ್ಲಿ ಅದಕ್ಕೆ ನಿಷೇಧ ಬಿತ್ತು.

ಆಫ್ರಿಕಾದ ಲೇಖಕರ ಪುಸ್ತಕಗಳನ್ನು ಜಗತ್ತಿಗೆ ಮಾರುವಾಗ ಅವಮಾನದ ಭಾಷೆ ಹೇಗೆ ಬಳಕೆಯಾಗುತ್ತದೆ, ಅದರಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ಯೋಚಿಸುವವರು ಈ ಪುಸ್ತಕದಿಂದಲೇ ತೊಡಗಬೇಕು. ಏಕೆಂದರೆ ಇಲ್ಲಿ ಬೈಗುಳವನ್ನು ಮುಖಪುಟಕ್ಕೆ ತಂದವರು ಆ ಬೈಗುಳ ತಿಂದವರೇ. ತಾನು ಎಷ್ಟೋ ಸಲ ಆ ಮಾತು ಕೇಳಿಸಿಕೊಂಡವನು ಎಂದು ಮಥಬಾನೆ ಮುನ್ನುಡಿಯಲ್ಲೇ ಹೇಳಿದ್ದಾರೆ. ಪದದ ಮೂಲ ಏನು, ತನ್ನ ನಾಡಿನಲ್ಲಿ ಅದನ್ನು ಯಾರು ಯಾರಿಗೆ ಅನ್ನುತ್ತಾರೆ ಎಂದೂ ವಿವರಿಸಿದ್ದಾರೆ. ಓದುಗ ಆ ವಿವರಣೆಯನ್ನು ದಾಟಿಯೇ ಕಥೆಯೊಳಗೆ ಹೋಗಬೇಕು.

ಜೋಳದ ಹೊಲದಿಂದ ಷೇರುಪೇಟೆಗೆ

ಈ ಪದ ಕನ್ನಡಿಗರಿಗೆ ಅಪರಿಚಿತವಲ್ಲ. ಅರಬ್ಬಿಯಲ್ಲಿ 'ಕಾಫಿರ್' ಎಂದರೆ ಧರ್ಮವನ್ನು ನಂಬದವನು. ಪೂರ್ವ ಆಫ್ರಿಕಾದ ಕರಾವಳಿಗೆ ವ್ಯಾಪಾರಕ್ಕೆ ಬಂದ ಅರಬರು ಅಲ್ಲಿಯ ಮುಸ್ಲಿಮೇತರರನ್ನು ಹಾಗೆ ಕರೆದರು. ಅವರ ಬಾಯಿಂದ ಪೋರ್ಚುಗೀಸರು ಎತ್ತಿಕೊಂಡು 'ಕಾಫ್ರೆ' ಮಾಡಿದರು. ಅಲ್ಲಿಂದ ಡಚ್ಚರಿಗೆ, ಇಂಗ್ಲಿಷರಿಗೆ ಅದು ದಾಟಿತು. ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಹಡಗಿನಲ್ಲಿ ತಂದ ಗುಲಾಮರಿಗೂ ಇದೇ ಹೆಸರು. ಆ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮೊಮ್ಮಕ್ಕಳ ಮೊಮ್ಮಕ್ಕಳು ಇಂದು ಯಲ್ಲಾಪುರ, ಹಳಿಯಾಳ, ಅಂಕೋಲಾ ಸೀಮೆಯ ಸಿದ್ದಿಗಳು. ಹಾಗಾಗಿ ಈ ಬೈಗುಳದ ಒಂದು ಕವಲು ನಮ್ಮ ಉತ್ತರ ಕನ್ನಡದ ಅಂಗಳದವರೆಗೂ ಬಂದಿದೆ.

ದಕ್ಷಿಣ ಆಫ್ರಿಕಾದಲ್ಲಿ ಪದ ಮೊದಮೊದಲು ಜನಾಂಗದ ಹೆಸರಿನಂತೆ ಬಳಕೆಯಾಯಿತು. ನೆಲ್ಸನ್ ಮಂಡೇಲಾ ಅವರ ಜನಾಂಗವಾದ ಷೋಸಾ ಜನರ ಮೇಲೆ ಕೇಪ್ ಗಡಿಯಲ್ಲಿ 1779ರಿಂದ 1879ರವರೆಗೆ ಒಂಬತ್ತು ಯುದ್ಧಗಳು ನಡೆದವು. ವಸಾಹತುಶಾಹಿಯ ಚರಿತ್ರೆ ಪುಸ್ತಕಗಳು ಅವನ್ನು 'ಕಾಫಿರ್ ಯುದ್ಧಗಳು' ಎಂದವು. ನೆಲ ಹೋಯಿತು, ದನಕರು ಹೋದವು. ಸೋತವರಿಗೆ ಗೆದ್ದವರು ಇಟ್ಟ ಹೆಸರು ಮಾತ್ರ ಉಳಿಯಿತು. ಆಮೇಲೆ ಅದು ಅವರ ಅನ್ನಕ್ಕೂ ಅಂಟಿತು. ಉತ್ತರ ಕರ್ನಾಟಕದ ಮನೆಮನೆಯಲ್ಲಿ ರೊಟ್ಟಿಯಾಗುವ ನಮ್ಮ ಜೋಳ ಆಫ್ರಿಕಾದ ಮೂಲದ ಬೆಳೆ. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಅದಕ್ಕೆ 'ಕಾಫಿರ್ ಕಾರ್ನ್' ಎಂಬ ಹೆಸರಿದೆ. ಥಾಯ್ ಅಡುಗೆಗೆ ಬಳಸುವ ಒಂದು ನಿಂಬೆಗೂ ಇದೇ ಹೆಸರಿತ್ತು. ಈಚೆಗೆ ಅಂಗಡಿಗಳು ಅದನ್ನು 'ಮಕ್ರೂತ್' ಎಂದು ಬದಲಿಸುತ್ತಿವೆ. 1890ರ ದಶಕದಲ್ಲಿ ಲಂಡನ್ ಷೇರುಪೇಟೆಯ ದಲ್ಲಾಳಿಗಳು ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳ ಷೇರುಗಳನ್ನು 'ಕಾಫಿರ್‌ಗಳು' ಎಂದೇ ಕೂಗಿ ಮಾರುತ್ತಿದ್ದರು. ಅದೇ ಗಣಿಗಳ ಆಳದಲ್ಲಿ ಬಂಡೆ ಒಡೆಯುತ್ತಿದ್ದವರಿಗೂ ಆ ಹೆಸರು, ಅವರ ಬೆವರಿನಿಂದ ಬಂದ ಲಾಭಕ್ಕೂ ಆ ಹೆಸರು. ಅವಮಾನದ ಮಾತನ್ನು ಮಾರಾಟದ ಮಾತಾಗಿ ಬಳಸುವುದು ಪುಸ್ತಕ ಪ್ರಕಾಶಕರಿಂದ ಶುರುವಾದದ್ದಲ್ಲ ಎಂಬುದಕ್ಕೆ ಇದು ಸಾಕ್ಷಿ.

ಇಂದು ದಕ್ಷಿಣ ಆಫ್ರಿಕಾದವರು ಆ ಪದವನ್ನು ಪೂರ್ತಿ ಉಚ್ಚರಿಸುವುದಕ್ಕೂ ಹಿಂಜರಿದು 'ಕೆ-ಪದ' ಎನ್ನುತ್ತಾರೆ. ಆ ಪದ ಬಳಸಿದ ನೌಕರನೊಬ್ಬನನ್ನು ಮರಳಿ ಕೆಲಸಕ್ಕೆ ಸೇರಿಸಿಕೊಳ್ಳಬೇಕೆಂಬ ಆದೇಶವನ್ನು 2016ರಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯ ರದ್ದು ಮಾಡಿತು. 2018ರಲ್ಲಿ, ನೆರವಿಗೆ ಬಂದ ಕಪ್ಪು ಪೊಲೀಸರನ್ನು ಮತ್ತೆಮತ್ತೆ ಆ ಪದದಿಂದ ಬೈದ ಬಿಳಿಯ ಮಹಿಳೆಯೊಬ್ಬರಿಗೆ ಜೈಲು ಶಿಕ್ಷೆಯಾಯಿತು. ಕಾನೂನೇ ಇಷ್ಟು ಗಂಭೀರವಾಗಿ ನೋಡುವ ಪದವನ್ನು ನಾನೂ ಈ ಲೇಖನದಲ್ಲಿ ಹೆಸರಾಗಿ ಬಂದ ಕಡೆ ಬಿಟ್ಟು ಬೇರೆಲ್ಲೂ ಬಳಸುವುದಿಲ್ಲ.

ಹಾಗಾದರೆ ಮಥಬಾನೆ ಮಾಡಿದ್ದು ಸರಿಯೆ? ನನ್ನ ಮಟ್ಟಿಗೆ 1986ರ ಆ ಹೆಸರು ಸರಿ. ಅದು ಬರೆದವನದೇ ಗಾಯ. ಅದನ್ನು ತೋರಿಸುವ ಹಕ್ಕು ಅವನದು. ಆದರೆ 1989ರಲ್ಲಿ ಅದರ ಮುಂದಿನ ಭಾಗ ಬಂತು. ಅದರ ಹೆಸರು 'ಕಾಫಿರ್ ಬಾಯ್ ಇನ್ ಅಮೆರಿಕ'. ಮೂರು ವರ್ಷಗಳಲ್ಲಿ ಏನಾಯಿತು ನೋಡಿ. ಮೊದಲ ಪುಸ್ತಕದ ಮೇಲೆ ಆ ಪದ ಒಂದು ಆಡಳಿತದ ಮೇಲಿನ ಆರೋಪಪಟ್ಟಿಯಾಗಿತ್ತು. ಎರಡನೆಯದರ ಮೇಲೆ ಅದು ಓದುಗರು ಗುರುತು ಹಿಡಿಯುವ ಬ್ರ್ಯಾಂಡಿನ ಹೆಸರಾಯಿತು. ಎರಡನೆಯ ಪುಸ್ತಕದಲ್ಲೂ ಅಮೆರಿಕದ ವರ್ಣಭೇದದ ಬಗ್ಗೆ ಗಟ್ಟಿಯಾದ ಮಾತುಗಳಿವೆ. ಲೇಖಕರ ಪ್ರಾಮಾಣಿಕತೆಯನ್ನು ನಾನು ಪ್ರಶ್ನಿಸುತ್ತಿಲ್ಲ. ಬೈಗುಳದ ಗುಣವೇ ಹಾಗೆ. ಒಮ್ಮೆ ಮಾರುಕಟ್ಟೆಗೆ ಇಳಿದರೆ ಅದು ಅಂಗಡಿಯವನ ಬಾಯಲ್ಲಿ, ಜಾಹೀರಾತಿನ ಸಾಲಿನಲ್ಲಿ, ಪಟ್ಟಿಯಲ್ಲಿ ತಾನಾಗಿ ಓಡಾಡತೊಡಗುತ್ತದೆ. ಮುನ್ನುಡಿಯ ವಿವರಣೆ ಪುಸ್ತಕದ ಒಳಗೇ ಉಳಿಯುತ್ತದೆ. ಅಲೆಕ್ಸಾಂಡ್ರಾದ ಮುದುಕರೊಬ್ಬರು ಅಂಗಡಿಯ ಗಾಜಿನಾಚೆ ಆ ಅಕ್ಷರಗಳನ್ನು ಕಂಡರೆ ಅವರಿಗೆ ಕಾಣುವುದು ಮುನ್ನುಡಿಯಲ್ಲ, ಬೈಗುಳ ಮಾತ್ರ.

ಸಭ್ಯ ಪದಗಳ ಅವಮಾನ

ಬೈಗುಳವನ್ನು ಗುರುತಿಸುವುದು ಸುಲಭ. ಬೈಗುಳವೆನಿಸದ ಅವಮಾನ ಹೆಚ್ಚು ಕಾಲ ಬಾಳುತ್ತದೆ. ದಕ್ಷಿಣ ಆಫ್ರಿಕಾದ ಸರ್ಕಾರಿ ಭಾಷೆಯನ್ನೇ ನೋಡಿ. ಕಪ್ಪು ಜನರನ್ನು ಹತೋಟಿಯಲ್ಲಿಡುವ ಇಲಾಖೆಗೆ ಮೊದಲು 'ನೇಟಿವ್ ವ್ಯವಹಾರಗಳ ಇಲಾಖೆ' ಎಂಬ ಹೆಸರಿತ್ತು. 1958ರಲ್ಲಿ ಅದು 'ಬಂಟು ಆಡಳಿತ ಮತ್ತು ಅಭಿವೃದ್ಧಿ' ಆಯಿತು. 1978ರಲ್ಲಿ 'ಬಹುತ್ವ ಸಂಬಂಧಗಳು ಮತ್ತು ಅಭಿವೃದ್ಧಿ', ಮರುವರ್ಷವೇ 'ಸಹಕಾರ ಮತ್ತು ಅಭಿವೃದ್ಧಿ'. ಬೋರ್ಡು ಬದಲಾಗುತ್ತ ಹೋಯಿತು, ಪಾಸ್‌ಬುಕ್ ಹಾಗೇ ಇತ್ತು. 'ಬಂಟು' ಎಂಬುದಕ್ಕೆ ಆ ಜನರ ಭಾಷೆಗಳಲ್ಲಿ 'ಮನುಷ್ಯರು' ಎಂದರ್ಥ. ಭಾಷಾಶಾಸ್ತ್ರದ ಒಳ್ಳೆಯ ಪದ. ಅದನ್ನು 1953ರ ಬಂಟು ಶಿಕ್ಷಣ ಕಾಯ್ದೆಗೆ ಹಚ್ಚಿ, ಕಪ್ಪು ಮಕ್ಕಳಿಗೆ ಕೂಲಿಗೆ ಬೇಕಾದಷ್ಟೇ ಓದು ಸಾಕು ಎಂಬ ನೀತಿಯ ಹೆಸರಾಗಿ ಮಾಡಿದ ಮೇಲೆ 'ಮನುಷ್ಯರು' ಎಂಬ ಪದವೇ ಬೈಗುಳವಾಯಿತು. ಮಥಬಾನೆ ತಮ್ಮ ಕಥೆಯನ್ನು ತೊಡಗಿಸುವುದೂ ಅಲೆಕ್ಸಾಂಡ್ರಾಕ್ಕೆ ಹೋಗುವ ರಸ್ತೆಯಲ್ಲಿದ್ದ ಅಂಥದೇ ಒಂದು ಸರ್ಕಾರಿ ಫಲಕದಿಂದ. ಪರವಾನಗಿಯಿಲ್ಲದೆ ಬಂಟು ವಸತಿಯೊಳಗೆ ಹೋದರೆ ಕ್ರಮ ಜರುಗಿಸಲಾಗುವುದು ಎಂಬ, ಒಂದೂ ಕೆಟ್ಟ ಪದವಿಲ್ಲದ ಎಚ್ಚರಿಕೆ ಅದು.

ಪುಸ್ತಕಗಳ ಬೆನ್ನುಡಿಗಳಲ್ಲೂ ಇದೇ ನಡೆಯಿತು. ನೈಜೀರಿಯಾದ ಅಮೋಸ್ ಟುಟುವೋಲಾ ಅವರ 'ದಿ ಪಾಮ್-ವೈನ್ ಡ್ರಿಂಕಾರ್ಡ್' 1952ರಲ್ಲಿ ಲಂಡನ್ನಿನ ಫೇಬರ್ ಪ್ರಕಾಶನದಿಂದ ಬಂತು. ಟುಟುವೋಲಾ 1920ರಲ್ಲಿ ಅಬೆಯೊಕುಟಾದಲ್ಲಿ ಹುಟ್ಟಿದವರು. ಶಾಲೆ ಕಲಿತದ್ದು ಕೆಲವೇ ವರ್ಷ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ವಾಯುಪಡೆಗೆ ತಾಮ್ರದ ಕೆಲಸಗಾರ, ಆಮೇಲೆ ಲೇಗೋಸಿನ ಕಾರ್ಮಿಕ ಇಲಾಖೆಯಲ್ಲಿ ಜವಾನ. ಕಥೆಯ ನಾಯಕನಿಗೆ ತಾಳೆಹೆಂಡ ಬಿಟ್ಟರೆ ಬೇರೆ ಜೀವವಿಲ್ಲ. ನಮ್ಮ ಕರಾವಳಿಯಲ್ಲಿ ಮೂರ್ತೆದಾರ ಅನ್ನುತ್ತೇವಲ್ಲ, ಅಂಥ ಹೆಂಡ ಇಳಿಸುವವನೊಬ್ಬ ಅವನಿಗಿದ್ದ. ಅವನು ಮರದಿಂದ ಬಿದ್ದು ಸತ್ತುಹೋಗುತ್ತಾನೆ. ನಾಯಕ ಅವನನ್ನು ಹುಡುಕಿಕೊಂಡು ಸತ್ತವರ ಊರಿಗೆ ಹೊರಡುತ್ತಾನೆ. ಯೊರುಬಾ ಜನಪದದ ಮಾಯಾಲೋಕವನ್ನು ಯೊರುಬಾ ನುಡಿಗಟ್ಟಿನ ಲಯದಲ್ಲೇ ಇಂಗ್ಲಿಷಿಗೆ ತಂದ ಅದ್ಭುತ ಕೃತಿ ಅದು.

ಪ್ರಕಾಶಕರಿಗೆ ಕೃತಿ ಹಿಡಿಸಿತು, ಆದರೆ ಅನುಮಾನ ಬಿಡಲಿಲ್ಲ. ಇದು ನಿಜಕ್ಕೂ ಆಫ್ರಿಕನ್ನನೊಬ್ಬ ಬರೆದದ್ದೇ ಎಂದು ತಿಳಿಯಲು ಹಸ್ತಪ್ರತಿಯನ್ನು ಮಾನವಶಾಸ್ತ್ರಜ್ಞರೊಬ್ಬರ ಅಭಿಪ್ರಾಯಕ್ಕೆ ಕಳಿಸಿದರು. ಕಾದಂಬರಿಯೊಂದನ್ನು ಸಾಹಿತ್ಯ ವಿಮರ್ಶಕರ ಬದಲು ಮಾನವಶಾಸ್ತ್ರಜ್ಞರು ಪರೀಕ್ಷಿಸಬೇಕಾಯಿತು. ಅಚ್ಚಾದ ಪುಸ್ತಕದೊಳಗೆ ಟುಟುವೋಲಾ ಅವರ ಕೈಬರಹದ ಒಂದು ಪುಟದ ಪಡಿಯಚ್ಚನ್ನೂ ಸೇರಿಸಿದರು. ಅದರ ಮೇಲೆ ಸಂಪಾದಕರು ಮಾಡಿದ ತಿದ್ದುಪಡಿಗಳು ಎದ್ದು ಕಾಣುತ್ತವೆ. ಆ ಪುಟವನ್ನು ದಿಟ್ಟಿಸಿ ನೋಡಿದರೆ ಶಾಲಾ ಮೇಷ್ಟರು ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಿರುಗಿಸಿದ ಹುಡುಗನ ನೋಟುಬುಕ್ಕು ನೆನಪಾಗುತ್ತದೆ. ಬಿಳಿಯ ಲೇಖಕರ ತಪ್ಪುಗಳನ್ನು ಹೀಗೆ ಓದುಗರ ಮುಂದಿಡುವ ರೂಢಿ ಇರಲಿಲ್ಲ. ಕವಿ ಡಿಲನ್ ಥಾಮಸ್ 'ದಿ ಅಬ್ಸರ್ವರ್' ಪತ್ರಿಕೆಯಲ್ಲಿ ಕೃತಿಯನ್ನು ಮನಸಾರೆ ಹೊಗಳಿದರು. ಹೊಗಳುವಾಗ ಟುಟುವೋಲಾ ಅವರ ಭಾಷೆಯನ್ನು 'ಎಳೆಯ ಇಂಗ್ಲಿಷ್' ಎಂದರು. ಪ್ರೀತಿಯಿಂದ ಹೇಳಿದ ಆ ವಿಶೇಷಣವೇ ಮುಂದೆ ಟುಟುವೋಲಾ ಹೋದಲ್ಲೆಲ್ಲ ಹಿಂದೆ ಬಂತು. ಪಶ್ಚಿಮ ಆಫ್ರಿಕಾದ ಓದಿದ ಜನರಿಗೆ ಇದರಿಂದ ನೋವಾಯಿತು. ಕೆಲವರು ಟುಟುವೋಲಾ ಅವರ ಮೇಲೆಯೇ ಸಿಟ್ಟಾದರು. ನಮ್ಮ ಹೆಸರು ಕೆಡಿಸಿದ ಎಂದರು. ಮಾರಾಟದ ಭಾಷೆ ಮಾಡಿದ ತಪ್ಪಿಗೆ ಬರೆದವರು ಮಾತು ಕೇಳಬೇಕಾಯಿತು.

ನೈಜೀರಿಯಾದವರೇ ಆದ ಚಿನುವ ಅಚೆಬೆ ಇದನ್ನೆಲ್ಲ ಹತ್ತಿರದಿಂದ ಕಂಡವರು. 1958ರ ಅವರ ಮೊದಲ ಕಾದಂಬರಿ 'ಥಿಂಗ್ಸ್ ಫಾಲ್ ಅಪಾರ್ಟ್' ಮುಗಿಯುವುದೇ ಒಂದು ಪುಸ್ತಕದ ಶೀರ್ಷಿಕೆಯಿಂದ. ಓಕೊಂಕೊ ಎಂಬ ಇಗ್ಬೊ ವೀರ ನೇಣು ಹಾಕಿಕೊಂಡಿದ್ದಾನೆ. ಹೆಣವನ್ನು ಕಂಡು ಕೋರ್ಟಿಗೆ ಮರಳುವ ಇಂಗ್ಲಿಷ್ ಜಿಲ್ಲಾಧಿಕಾರಿ, ತಾನು ಬರೆಯಲಿರುವ ಪುಸ್ತಕದಲ್ಲಿ ಇವನಿಗೆ ಒಂದು ಅಧ್ಯಾಯ ಕೊಡಲೇ, ಬೇಡ, ಒಂದು ಪ್ಯಾರಾ ಸಾಕು ಎಂದು ಲೆಕ್ಕ ಹಾಕುತ್ತಾನೆ. ಆ ಪುಸ್ತಕಕ್ಕೆ ಹೆಸರು ಆಗಲೇ ಸಿದ್ಧವಿದೆ: ಕೆಳ ನೈಜರಿನ 'ಅನಾಗರಿಕ ಬುಡಕಟ್ಟು'ಗಳನ್ನು 'ಶಾಂತಗೊಳಿಸಿದ' ಬಗ್ಗೆ. ಒಬ್ಬ ಮನುಷ್ಯನ ಪೂರ್ತಿ ಬದುಕನ್ನು ಕಾದಂಬರಿಯುದ್ದಕ್ಕೂ ಕಂಡು ಬಂದ ಓದುಗನಿಗೆ ಆ ಶೀರ್ಷಿಕೆ ಕಪಾಳಕ್ಕೆ ಹೊಡೆದಂತಾಗುತ್ತದೆ. ಆಫ್ರಿಕಾದ ಪುಸ್ತಕಕ್ಕೆ ಹೊರಗಿನವನು ಹೆಸರಿಟ್ಟರೆ ಏನಾಗುತ್ತದೆ ಎಂದು ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ.

ಅಚೆಬೆ ಅಷ್ಟಕ್ಕೇ ಸುಮ್ಮನಾಗಲಿಲ್ಲ. 1962ರಲ್ಲಿ ಹೈನೆಮನ್ ಪ್ರಕಾಶನ 'ಆಫ್ರಿಕನ್ ರೈಟರ್ಸ್ ಸೀರೀಸ್' ತೊಡಗಿದಾಗ ಹತ್ತು ವರ್ಷ ಸಂಬಳವಿಲ್ಲದೆ ಅದರ ಸಂಪಾದಕರಾಗಿ ದುಡಿದರು. ಆಫ್ರಿಕಾದ ಶಾಲಾ ಮಕ್ಕಳು ಕೊಳ್ಳಬಲ್ಲ ಬೆಲೆಯ, ಕಿತ್ತಳೆ ಬಣ್ಣದ ಆ ಪುಸ್ತಕಗಳ ಮೊದಲ ಓದುಗರು ಇಬಾದಾನ್, ನೈರೋಬಿಗಳಲ್ಲಿದ್ದರು. ಓದುಗ ಎದುರಿಗೇ ಇರುವಾಗ ಬೆನ್ನುಡಿಯ ದನಿ ತಾನಾಗಿ ಬದಲಾಗುತ್ತದೆ. ಇಗ್ಬೊ ಹಳ್ಳಿಯ ಕಥೆಯನ್ನು ಇಗ್ಬೊ ಹುಡುಗನಿಗೇ ಮಾರುವಾಗ 'ಅನಾಗರಿಕ' ಎಂಬ ಪದ ಯಾರ ಲೇಖನಿಯಿಂದಲೂ ಇಳಿಯುವುದಿಲ್ಲ.

ಫ್ರೆಂಚಿನಲ್ಲಿ ಇದ್ದದ್ದು, ಇಂಗ್ಲಿಷಿನಲ್ಲಿ ಹೋದದ್ದು

ಕ್ಯಾಮರೂನಿನ ಫರ್ಡಿನಾಂಡ್ ಒಯೊನೊ 1956ರಲ್ಲಿ ಫ್ರೆಂಚಿನಲ್ಲಿ ಎರಡು ಕಾದಂಬರಿ ಪ್ರಕಟಿಸಿದರು. ಒಂದು 'ಯೂನ್ ವೀ ದ ಬಾಯ್', ಬಾಯ್ ಒಬ್ಬನ ಬದುಕು. ಇನ್ನೊಂದು 'ಲ ವಿಯೋ ನೆಗ್ರ್ ಎ ಲ ಮೆದಾಯ್'. ಈ 'ನೆಗ್ರ್' ಎಂಬುದು ಗುಲಾಮರ ವ್ಯಾಪಾರದ ಕಾಲದಿಂದ ಬಂದ ಫ್ರೆಂಚ್ ಹೀಯಾಳಿಕೆ. ಅದರ ನಾಯಕ ಮೆಕಾ ತನ್ನ ನೆಲವನ್ನು ಕ್ರೈಸ್ತ ಮಿಷನ್ನಿಗೆ ಕೊಟ್ಟವನು, ಇಬ್ಬರು ಮಕ್ಕಳನ್ನು ಫ್ರಾನ್ಸಿನ ಯುದ್ಧಕ್ಕೆ ಕಳಿಸಿ ಕಳೆದುಕೊಂಡವನು. ಅದಕ್ಕಾಗಿ ಸರ್ಕಾರ ಅವನ ಎದೆಗೆ ಪದಕ ತೊಡಿಸುತ್ತದೆ. ಅದೇ ರಾತ್ರಿ ಮಳೆಗಾಳಿಯಲ್ಲಿ ದಾರಿ ತಪ್ಪಿ ಬಿಳಿಯರ ಬಡಾವಣೆಗೆ ಬಂದ ಅವನನ್ನು ಪೊಲೀಸರು ಹಿಡಿದು ಹೊಡೆಯುತ್ತಾರೆ. ಪದಕ ಎಲ್ಲೋ ಬಿದ್ದುಹೋಗಿದೆ. ಪದಕವಿಲ್ಲದ ಮೆಕಾ ಅವರ ಕಣ್ಣಿಗೆ ಮತ್ತದೇ ಮುದಿ 'ನೆಗ್ರ್'.

ಶೀರ್ಷಿಕೆಯ ಬೈಗುಳ ಇಲ್ಲಿ ಕಥೆಯ ಪೂರ್ತಿ ಭಾರ ಹೊತ್ತಿದೆ. ಹಗಲಿನಲ್ಲಿ ಅವನ ಕೈಕುಲುಕಿದ ಆಡಳಿತ ರಾತ್ರಿ ಅವನನ್ನು ಏನೆಂದು ಕಂಡಿತು ಎಂಬುದು ಆ ಒಂದು ಪದದಲ್ಲಿದೆ. 1967ರಲ್ಲಿ ಜಾನ್ ರೀಡ್ ಅವರ ಇಂಗ್ಲಿಷ್ ಅನುವಾದ ಬಂದಾಗ ಹೆಸರು 'ದಿ ಓಲ್ಡ್ ಮ್ಯಾನ್ ಅಂಡ್ ದಿ ಮೆಡಲ್' ಆಯಿತು. ಮುದುಕ ಮತ್ತು ಪದಕ. ಬೈಗುಳ ಹೋಯಿತು, ಅದರ ಜೊತೆ ಬೈದವನೂ ಮರೆಯಾದ. ಇಂಗ್ಲಿಷಿನಲ್ಲಿ ಸಮನಾದ ಪದ ಇಡುವುದು ಎಷ್ಟು ಕಷ್ಟವೆಂದು ಬಲ್ಲೆ, ಅನುವಾದಕರನ್ನು ದೂರುತ್ತಿಲ್ಲ. ಅವಮಾನದ ಪದವನ್ನು ಅಳಿಸಿದರೆ ಸಾಕು, ಎಲ್ಲ ಸರಿಹೋಗುತ್ತದೆ ಎನ್ನುವವರು ಈ ಎರಡು ಶೀರ್ಷಿಕೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು ಎಂದಷ್ಟೇ ನನ್ನ ಮಾತು.

ಆ ಪದವನ್ನೇ ಎದೆಗೆ ಅವಚಿಕೊಂಡವರೂ ಇದ್ದರು. 1930ರ ದಶಕದ ಪ್ಯಾರಿಸ್ಸಿನಲ್ಲಿ ಸೆನೆಗಲ್ಲಿನ ಸೆಂಗೊರ್, ಮಾರ್ಟಿನಿಕ್ ದ್ವೀಪದ ಎಮೆ ಸೆಜೇರ್, ಫ್ರೆಂಚ್ ಗಯಾನಾದ ದಮಾಸ್ ಎಂಬ ಮೂವರು ಕವಿಗಳು ತಮಗೆ ಬಿದ್ದ ಬೈಗುಳದಿಂದಲೇ 'ನೆಗ್ರಿಟ್ಯೂಡ್' ಎಂಬ ಚಳವಳಿಯ ಹೆಸರು ಕಟ್ಟಿದರು. ಆಗ ಫ್ರಾನ್ಸಿನ ಗೋಡೆಗೋಡೆಯ ಮೇಲೂ ಬನಾನಿಯಾ ಎಂಬ ಕೋಕೊ ಪುಡಿಯ ಜಾಹೀರಾತಿತ್ತು. ಫ್ರಾನ್ಸಿಗಾಗಿ ಯುದ್ಧ ಮಾಡಿದ ಸೆನೆಗಲ್ ಸೈನಿಕ ಹಲ್ಲು ಕಿರಿದು, ಹರಕು ಫ್ರೆಂಚಿನಲ್ಲಿ 'ಚೆನ್ನಾಗೈತೆ' ಎನ್ನುವ ಚಿತ್ರ. ಆ ನಗುವನ್ನು ಫ್ರಾನ್ಸಿನ ಗೋಡೆಗಳಿಂದ ಕಿತ್ತು ಹಾಕುವೆನೆಂದು ಸೆಂಗೊರ್ ತಮ್ಮ ಕವಿತೆಯಲ್ಲಿ ಪಣ ತೊಟ್ಟರು. 2011ರಲ್ಲಿ ಫ್ರೆಂಚ್ ನ್ಯಾಯಾಲಯ ಆ ಘೋಷಣೆಯ ಬಳಕೆ ನಿಲ್ಲಿಸಲು ಆದೇಶಿಸುವ ಹೊತ್ತಿಗೆ ಸೆಂಗೊರ್ ತೀರಿಕೊಂಡು ಹತ್ತು ವರ್ಷವಾಗಿತ್ತು. ಕವಿಗಳು ಎತ್ತಿಕೊಂಡ ಬೈಗುಳ ಕಪ್ಪು ಜನರಿಗೆ ಬಲ ತಂದಿತು. ಕಂಪನಿ ಆ ಸೈನಿಕನ ಬಾಯಿಗಿಟ್ಟ ಹರಕು ಮಾತಿನಲ್ಲಿ ಒಂದೂ ಬೈಗುಳವಿರಲಿಲ್ಲ.

ಮರದ ಚಿತ್ರವೂ ಒಂದು ಮಾತು

ಈಗ ಬೆನ್ನುಡಿಗಳಲ್ಲಿ 'ಅನಾಗರಿಕ' ಎಂಬ ಪದ ಸಿಗದು. ಅದರ ಜಾಗಕ್ಕೆ ಬೇರೆಯವು ಬಂದಿವೆ. ಕೀನ್ಯಾದ ಬಿನ್ಯವಾಂಗ ವೈನೈನ 2005ರಲ್ಲಿ 'ಗ್ರಾಂಟಾ' ಪತ್ರಿಕೆಯಲ್ಲಿ, ಆಫ್ರಿಕಾದ ಬಗ್ಗೆ ಬರೆಯುವುದು ಹೇಗೆ ಎಂಬ ಪ್ರಬಂಧ ಬರೆದು ಈ ಪದಕೋಶವನ್ನೇ ಬಿಚ್ಚಿಟ್ಟರು. 2014ರಲ್ಲಿ, ಆಫ್ರಿಕಾದ ಬೇರೆಬೇರೆ ದೇಶಗಳ ಕುರಿತ ಮೂವತ್ತಕ್ಕೂ ಹೆಚ್ಚು ಪುಸ್ತಕಗಳ ಮುಖಪುಟಗಳನ್ನು ಒಬ್ಬರು ಒಟ್ಟಿಗೆ ಜೋಡಿಸಿ ತೋರಿಸಿದರು. ಹೆಚ್ಚುಕಡಿಮೆ ಎಲ್ಲದರ ಮೇಲೂ ಕೊಡೆಯಂತೆ ಹರಡಿದ ಒಂದು ಜಾಲಿಮರ, ಹಿಂದೆ ಕಿತ್ತಳೆ ಬಣ್ಣದ ಸಂಜೆಯ ಆಕಾಶ. ಇಗ್ಬೊ ನಾಡು ಮಳೆಕಾಡಿನ, ಗೆಣಸಿನ ಹೊಲಗಳ, ತಾಳೆಮರಗಳ ನಾಡು; ಅಲ್ಲಿಯ ಕಥೆಗೂ ಪೂರ್ವ ಆಫ್ರಿಕಾದ ಹುಲ್ಲುಗಾವಲಿನ ಮರ. ಕೊಡಗಿನ ಕಥೆಗೆ ಥಾರ್ ಮರುಭೂಮಿಯ ಒಂಟೆಯ ಚಿತ್ರ ಹಾಕಿದರೆ ನಮಗೆ ಹೇಗನಿಸೀತು?

'ಬುಡಕಟ್ಟು' ಎಂಬ ಪದವೂ ಈ ಜಾಲಿಮರದ ಹಾಗೇ. ಇಗ್ಬೊ ಜನ ಕೋಟಿಗಟ್ಟಲೆ ಇದ್ದಾರೆ. ಯುರೋಪಿನ ಹಲವು ದೇಶಗಳ ಜನಸಂಖ್ಯೆಯನ್ನು ಮೀರುತ್ತಾರೆ. ಅವರಿಗೆ ತಮ್ಮದೇ ಭಾಷೆ, ಸಾಹಿತ್ಯ, ದೊಡ್ಡ ಪಟ್ಟಣಗಳಿವೆ. ಆದರೂ 1967ರಿಂದ 1970ರವರೆಗಿನ ನೈಜೀರಿಯಾದ ಬಯಾಫ್ರಾ ಯುದ್ಧವನ್ನು 'ಬುಡಕಟ್ಟು ಕಲಹ' ಎಂದು ಒಂದೇ ಮಾತಿನಲ್ಲಿ ಮುಗಿಸುವವರಿದ್ದಾರೆ. ಹಾಗೆಂದ ಕೂಡಲೇ ಅದರೊಳಗಿನ ತೈಲದ ಲೆಕ್ಕ, ವಸಾಹತು ಗಡಿಗಳ ಚರಿತ್ರೆ, ಬ್ರಿಟನ್ ಕಳಿಸಿದ ಶಸ್ತ್ರಾಸ್ತ್ರ ಎಲ್ಲ ಮರೆಯಾಗಿ, ಇವರು ಹುಟ್ಟಾ ಜಗಳಗಂಟರು ಎಂಬ ಭಾವನೆಯೊಂದೇ ಉಳಿಯುತ್ತದೆ. ಆ ಯುದ್ಧದ ಕಾದಂಬರಿ ಬರೆದ ಚಿಮಮಾಂಡ ಅಡಿಚಿಯೆ 2009ರ ತಮ್ಮ ಪ್ರಸಿದ್ಧ ಭಾಷಣದಲ್ಲಿ ಒಂದು ಅನುಭವ ಹೇಳಿದ್ದಾರೆ. ಅಮೆರಿಕದ ಪ್ರಾಧ್ಯಾಪಕರೊಬ್ಬರು ಅವರ ಬರಹ ಓದಿ, ಇದು ಅಸಲಿ ಆಫ್ರಿಕಾದಂತಿಲ್ಲ ಎಂದರಂತೆ. ಕಾರಣ, ಪಾತ್ರಗಳು ಪ್ರಾಧ್ಯಾಪಕರಂತೆಯೇ ಓದಿದವರು, ಕಾರು ಓಡಿಸುವವರು, ಹಸಿವಿನಿಂದ ಸಾಯದವರು.

ನಮ್ಮ ಕಪಾಟಿನಲ್ಲಿ

ಇದೆಲ್ಲ ಲಂಡನ್, ನ್ಯೂಯಾರ್ಕಿನವರ ತಪ್ಪು ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ. 1878ರಲ್ಲಿ ಹೆನ್ರಿ ಸ್ಟ್ಯಾನ್ಲಿ ತನ್ನ ಪ್ರವಾಸ ಕಥನದ ಶೀರ್ಷಿಕೆಯಲ್ಲಿ ಆಫ್ರಿಕಾವನ್ನು 'ಕತ್ತಲ ಖಂಡ' ಎಂದು ಕರೆದ. ಅದು ಪುಸ್ತಕ ಮಾರುವ ಹೆಸರಾಗಿತ್ತು. ಆ ಹೆಸರು ಕನ್ನಡಕ್ಕೆ ಬರುವಾಗ 'ಕಗ್ಗತ್ತಲೆಯ ಖಂಡ'ವಾಗಿ ಇನ್ನಷ್ಟು ಕಪ್ಪಾಯಿತು. ನಮ್ಮಲ್ಲಿ ಎಷ್ಟು ಜನ ಇದನ್ನು ಸಾಮಾನ್ಯ ಜ್ಞಾನದ ಪ್ರಶ್ನೋತ್ತರವಾಗಿ ಬಾಯಿಪಾಠ ಮಾಡಿಲ್ಲ? ಜಾಹೀರಾತಿನ ಒಂದು ಸಾಲು ನಮ್ಮಲ್ಲಿ ಭೂಗೋಳದ ಪಾಠವಾಯಿತು. ಆಫ್ರಿಕಾದ ಮಾತು ಬಂದಾಗ 'ನೀಗ್ರೋ' ಎಂದು ಬರೆಯುವ, ಯಾವ ಜನಾಂಗವಿರಲಿ 'ಬುಡಕಟ್ಟು' ಎನ್ನುವ ರೂಢಿ ನಮ್ಮ ಪತ್ರಿಕೆಗಳಲ್ಲೂ ಪುಸ್ತಕಗಳಲ್ಲೂ ದೀರ್ಘಕಾಲ ನಡೆದಿದೆ. ಬೆಂಗಳೂರಿಗೆ ಓದಲು ಬಂದ ಆಫ್ರಿಕಾದ ವಿದ್ಯಾರ್ಥಿಗಳು ಬೀದಿಯಲ್ಲಿ ಕೇಳಿಸಿಕೊಳ್ಳುವ ಮಾತುಗಳಿಗೂ ಈ ಅಕ್ಷರಗಳಿಗೂ ನಂಟಿಲ್ಲ ಎಂದು ನಾನು ನಂಬಲಾರೆ.

ಒಳ್ಳೆಯ ದಾರಿಯೂ ನಮ್ಮಲ್ಲೇ ಇದೆ. ಅಚೆಬೆಯವರ ಮೊದಲ ಕಾದಂಬರಿಯನ್ನು ಸಿ. ನಾಗಣ್ಣ ಕನ್ನಡಕ್ಕೆ ತಂದಾಗ ಇಟ್ಟ ಹೆಸರು 'ಭಂಗ'. ಮುರಿಯುವುದೂ ಹೌದು, ಮಾನಭಂಗವೂ ಹೌದು. ಕಾಡು, ಕತ್ತಲೆ, ಬುಡಕಟ್ಟು ಯಾವುದರ ಹಂಗೂ ಇಲ್ಲದೆ ಕೃತಿಯ ನೋವು ಒಂದೇ ಪದದಲ್ಲಿ ಓದುಗನಿಗೆ ತಾಗುತ್ತದೆ. ಇನ್ನು ಬೈಗುಳವನ್ನು ಬೈಸಿಕೊಂಡವರೇ ಮುಖಪುಟಕ್ಕೆ ತರುವ ಧೈರ್ಯ ಕನ್ನಡಕ್ಕೆ ಹೊಸದಲ್ಲ. ಊರಿನವರು ಹೀಯಾಳಿಕೆಯಾಗಿ ಬಳಸುತ್ತಿದ್ದ ಜಾತಿಯ ಹೆಸರುಗಳನ್ನು ಸಿದ್ಧಲಿಂಗಯ್ಯನವರು 1975ರಲ್ಲಿ 'ಹೊಲೆಮಾದಿಗರ ಹಾಡು' ಎಂದು ಎತ್ತಿ ಹಿಡಿದರು. ಮೀಸಲಾತಿಯಲ್ಲಿ ಓದುವವರಿಗೆ ಬೀಳುತ್ತಿದ್ದ ಚುಚ್ಚುಮಾತನ್ನೇ ಅರವಿಂದ ಮಾಲಗತ್ತಿಯವರು ತಮ್ಮ ಆತ್ಮಕಥೆಗೆ 'ಗೌರ್ಮೆಂಟ್ ಬ್ರಾಹ್ಮಣ' ಎಂಬ ಹೆಸರಾಗಿ ಇಟ್ಟರು. ಇವೇ ಹೆಸರುಗಳನ್ನು ಮೇಲ್ಜಾತಿಯ ಪ್ರಕಾಶಕರೊಬ್ಬರು, ಮಾರಾಟ ಚೆನ್ನಾಗಿ ಆಗುತ್ತದೆಂದು ಲೇಖಕರ ಮೇಲೆ ಹೇರಿದ್ದರೆ? ಅಕ್ಷರ ಅವೇ ಇರುತ್ತಿದ್ದವು, ಪುಸ್ತಕ ಬೇರೆಯಾಗುತ್ತಿತ್ತು.

ಆದ್ದರಿಂದ ಪದಗಳ ಕಪ್ಪುಪಟ್ಟಿ ಮಾಡಿ ಪ್ರಯೋಜನವಿಲ್ಲ. ಆಫ್ರಿಕಾದ ಪುಸ್ತಕವೊಂದರ ಮೇಲೆ ಅವಮಾನದ ಮಾತು ಕಂಡಾಗ ಅದನ್ನು ಅಲ್ಲಿಟ್ಟವರು ಯಾರು ಎಂದು ಮೊದಲು ಕೇಳಬೇಕು. ಪುಸ್ತಕದ ಒಳಗೆ ಆ ಮಾತಿಗೆ ಉತ್ತರವಿದೆಯೆ ಎಂದು ನೋಡಬೇಕು. ಬರೆದವರು ಬೇಡ ಎಂದಿದ್ದರೆ ಪ್ರಕಾಶಕರು ಅದನ್ನು ತೆಗೆಯುತ್ತಿದ್ದರೇ ಎಂಬುದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಮೊದಲ ಪುಸ್ತಕ ಬರೆದ ಬಡ ಲೇಖಕನಿಗೆ, ದೂರದ ಊರಿನ ದೊಡ್ಡ ಪ್ರಕಾಶಕರ ಎದುರು ಬೇಡ ಎನ್ನುವ ಬಲ ಇರುವುದಿಲ್ಲ. ಅದಕ್ಕಾಗಿಯೇ ನೈರೋಬಿಯ ಕ್ವಾನಿ, ಅಬುಜಾದ ಕಸಾವಾ ರಿಪಬ್ಲಿಕ್‌ನಂಥ ಆಫ್ರಿಕಾದವರದೇ ಪ್ರಕಾಶನಗಳು ಮುಖ್ಯ. ಅಲ್ಲಿ ಬೆನ್ನುಡಿ ಬರೆಯುವವರೂ ಅದೇ ಊರಿನವರು.

ಮಥಬಾನೆಯವರ ಪುಸ್ತಕದಲ್ಲಿ ಒಂದು ಪ್ರಸಂಗವಿದೆ. ಅಜ್ಜಿ ಬಿಳಿಯರ ಮನೆಯೊಂದರಲ್ಲಿ ತೋಟದ ಕೆಲಸ ಮಾಡುತ್ತಿದ್ದರು. ಒಮ್ಮೆ ಮೊಮ್ಮಗನನ್ನೂ ಕರೆದುಕೊಂಡು ಹೋದರು. ಆ ಮನೆಯ ಹುಡುಗ ತನ್ನ ಕೋಣೆ ತೋರಿಸಿದ. ಆಟಿಕೆಗಳು, ಗೋಡೆಯುದ್ದ ಪುಸ್ತಕಗಳು. ಇಂಗ್ಲಿಷ್ ಪುಸ್ತಕವೊಂದನ್ನು ತೆರೆದು ಓದು ನೋಡೋಣ ಎಂದ. ಇವನಿಗೆ ಓದಲಾಗಲಿಲ್ಲ. ನಿಮ್ಮ ಮಿದುಳು ಚಿಕ್ಕದು, ನಿಮಗೆ ಇಂಗ್ಲಿಷ್ ಬರುವುದಿಲ್ಲವೆಂದು ನಮ್ಮ ಟೀಚರ್ ಹೇಳಿದ್ದಾರೆ ಎಂದ ಆ ಹುಡುಗ. ಹೇಳುವಾಗ ಆ ಪದವನ್ನೇ ಬಳಸಿದ. ಅವನ ತಾಯಿ ಅಲ್ಲೇ ಅವನನ್ನು ಗದರಿದರು. ಇಂಗ್ಲಿಷನ್ನು ಕಲಿತೇ ತೀರುತ್ತೇನೆಂದು ಬಾಲಕ ಅಂದೇ ಶಪಥ ಮಾಡಿದ.

ಮುಂದೆ ಅದೇ ಮನೆಯಿಂದ ಬಂದ ಹಳೆಯ ಪುಸ್ತಕಗಳನ್ನೇ ಓದಿ ಅವನು ಇಂಗ್ಲಿಷ್ ಕಲಿತ. ಅದೇ ಮನೆಯವರು ಕೊಟ್ಟ ಹಳೆಯ ರ‍್ಯಾಕೆಟ್ಟಿನಿಂದ ಟೆನಿಸ್ ಕಲಿತು, 1978ರಲ್ಲಿ ವಿದ್ಯಾರ್ಥಿವೇತನ ಗಳಿಸಿ ಅಮೆರಿಕಕ್ಕೆ ಹೋದ. ಅಲ್ಲಿ ಇಂಗ್ಲಿಷಿನಲ್ಲೇ ತನ್ನ ಕಥೆ ಬರೆದು, ಆ ಕೋಣೆಯಲ್ಲಿ ಕೇಳಿಸಿಕೊಂಡ ಪದವನ್ನು ಮುಖಪುಟದ ಮೇಲಿಟ್ಟು, ಅದರ ಕೆಳಗೆ ತನ್ನ ಹೆಸರು ಬರೆದ.